ಗಡಿನಾಡಿನ ತರಗತಿಯಲ್ಲಿ ವ್ಯಾಕರಣ ಪರಿಭಾಷೆ: ಬೀದರ, ಭಾಲ್ಕಿ, ಔರಾದ ಪರಿಸರದ ಪ್ರಾಥಮಿಕ ಕನ್ನಡ ಬೋಧನೆ

ಶಾಸ್ತ್ರವೊಂದು ತನ್ನ ವ್ಯವಹಾರಕ್ಕಾಗಿ ನಿಶ್ಚಿತವಾದ ಅರ್ಥದಲ್ಲಿ ಬಳಸುವ ಶಬ್ದವನ್ನು ಪರಿಭಾಷೆ ಎಂದು ಕರೆಯುತ್ತೇವೆ. ಸ್ವರ, ವ್ಯಂಜನ, ನಾಮಪದ, ಕ್ರಿಯಾಪದ, ಲಿಂಗ, ವಚನ, ವಿಭಕ್ತಿ, ಕಾಲ, ಸಂಧಿ, ಸಮಾಸ ಎಂಬ ವ್ಯಾಕರಣ ಪರಿಭಾಷೆಗಳೂ ಗದ್ಯ, ಪದ್ಯ, ಪ್ರಾಸ, ಉಪಮೆ, ವಚನ, ತ್ರಿಪದಿ, ಗಾದೆ, ಒಗಟು ಎಂಬ ಸಾಹಿತ್ಯ ಪರಿಭಾಷೆಗಳೂ ನಮ್ಮ ಪ್ರಾಥಮಿಕ ಶಾಲೆಯ ವಿದ್ಯಾರ್ಥಿಗೆ ಹಂತಹಂತವಾಗಿ ಪರಿಚಯವಾಗುತ್ತವೆ. ಇವುಗಳ ಬೋಧನೆಯನ್ನು ಕುರಿತು ನಡೆದ ಚರ್ಚೆಗಳಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ ಮುಖ್ಯವಾಗಿರುತ್ತದೆ: ಈ ಶಬ್ದಗಳು ಮಗುವಿಗೆ ಕಠಿಣವೇ, ಸುಲಭವೇ? ಆದರೆ ಬೀದರ ನಗರ, ಭಾಲ್ಕಿ, ಔರಾದಗಳಂತಹ ಬಹುಭಾಷಿಕ ಪ್ರದೇಶದಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಅಲ್ಲಿಯ ಅನೇಕ ಮಕ್ಕಳು ಇದೇ ಹೆಸರಿನ ಪರಿಭಾಷೆಯನ್ನು ಮತ್ತೊಂದು ಭಾಷೆಯಲ್ಲಿಯೂ ಎದುರಿಸುತ್ತಾರೆ. ಹೆಸರು ಒಂದೇ ಆಗಿದ್ದರೂ ಅದರ ಒಳಗಿನ ವ್ಯವಸ್ಥೆ ಬೇರೆಯಾಗಿರುತ್ತದೆ. ಈ ಸಾಮ್ಯ ವೈಷಮ್ಯಗಳನ್ನು ಗುರುತಿಸುವುದು, ಅವು ಬೋಧನೆಗೆ ತೊಡಕಾಗದೆ ಸಾಧನವಾಗುವ ಬಗೆಯನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಭಾಷಾ ಪರಿಸರ

ಬೀದರ ಜಿಲ್ಲೆ ಕರ್ನಾಟಕದ ಉತ್ತರದ ತುದಿಯಲ್ಲಿದೆ. ಔರಾದ ತಾಲ್ಲೂಕಿನ ಒಂದು ಕಡೆ ಮಹಾರಾಷ್ಟ್ರದ ಉದಗೀರ, ದೇಗಲೂರು ಪ್ರದೇಶಗಳಿದ್ದರೆ ಇನ್ನೊಂದು ಕಡೆ ತೆಲಂಗಾಣದ ನಾರಾಯಣಖೇಡ ಪ್ರದೇಶವಿದೆ. ಭಾಲ್ಕಿ ತಾಲ್ಲೂಕು ಮರಾಠವಾಡಕ್ಕೆ ತಾಗಿಕೊಂಡಿದೆ. ಬೀದರ ನಗರ ಬಹಮನಿ ಹಾಗೂ ಬರೀದಶಾಹಿ ಅರಸರ ರಾಜಧಾನಿಯಾಗಿದ್ದ ಕಾರಣ ಅಲ್ಲಿ ದಖನಿ ಉರ್ದುವಿನ ಬೇರುಗಳು ಆಳವಾಗಿವೆ. ಕನ್ನಡ, ಮರಾಠಿ, ಉರ್ದು, ತೆಲುಗುಗಳ ಜೊತೆಗೆ ತಾಂಡಾಗಳಲ್ಲಿ ಲಂಬಾಣಿ ನುಡಿಯೂ ಇದೆ. ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದೊಂದಿಗೆ ಮರಾಠಿ ಮತ್ತು ಉರ್ದು ಮಾಧ್ಯಮದ ಶಾಲೆಗಳೂ ನಡೆಯುತ್ತವೆ.

ಈ ಪರಿಸರ ಇಂದು ನಿನ್ನೆಯದಲ್ಲ. ಹೈದರಾಬಾದ ಸಂಸ್ಥಾನದ ಬೀದರ ಜಿಲ್ಲೆ ಈಗಿನದಕ್ಕಿಂತ ವಿಸ್ತಾರವಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲ್ಲೂಕು ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರ ಪ್ರದೇಶಕ್ಕೆ ಸೇರಿದವು. ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಆಡಳಿತದ ಗಡಿ ಹೀಗೆ ಒಂದು ದಿನದಲ್ಲಿ ಬದಲಾಯಿತು. ಮದುವೆ, ಸಂತೆ, ಜಾತ್ರೆ, ಕೂಲಿಗಳ ಮೂಲಕ ನಡೆಯುವ ನುಡಿಯ ಕೊಡುಕೊಳೆ ಆ ಗೆರೆಯನ್ನು ಅನುಸರಿಸಲಿಲ್ಲ.

2. ಚಾರಿತ್ರಿಕ ಹಿನ್ನೆಲೆ

ಕನ್ನಡ ವ್ಯಾಕರಣಶಾಸ್ತ್ರದ ಚರಿತ್ರೆಯಲ್ಲಿ ಈ ಪ್ರದೇಶಕ್ಕೆ ಗಣ್ಯವಾದ ಸ್ಥಾನವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಆತನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡನ್ನು ಗುರುತಿಸುವ ಆ ಗ್ರಂಥ, ದೇಶಿ ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿಯ ದೋಷವನ್ನು ಸಾವಿರ ನಾಲಗೆಯ ವಾಸುಕಿಯೂ ಎಣಿಸಲಾರದೆ ಬೇಸರಪಡುತ್ತಾನೆಂದು ಹೇಳುತ್ತದೆ. ‘ಕನ್ನಡಗಳು’ ಎಂಬ ಈ ಬಹುವಚನ ಗಮನಾರ್ಹವಾದುದು. ಕನ್ನಡ ಒಂದೇ ರೂಪದ್ದಲ್ಲವೆಂಬ ಅರಿವು ನಮ್ಮ ಮೊದಲ ಲಕ್ಷಣಗ್ರಂಥದಷ್ಟೇ ಹಳೆಯದು.

ಉಪಲಬ್ಧವಿರುವ ಮೊದಲ ಕನ್ನಡ ವ್ಯಾಕರಣ, ಎರಡನೆಯ ನಾಗವರ್ಮನ ಕಾವ್ಯಾವಲೋಕನದ ಮೊದಲ ಭಾಗವಾದ ‘ಶಬ್ದಸ್ಮೃತಿ’. ಇದೇ ನಾಗವರ್ಮ ಕರ್ಣಾಟಕ ಭಾಷಾಭೂಷಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ. ಕಲ್ಯಾಣದ ಚಾಲುಕ್ಯ ಜಗದೇಕಮಲ್ಲನಲ್ಲಿ ಈತ ಕಟಕೋಪಾಧ್ಯಾಯನಾಗಿದ್ದ. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಮುಂದೆ ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಅವ್ಯಯ ಮೊದಲಾದ ಪ್ರಕರಣಗಳಿಗೆ ಖಚಿತವಾದ ರೂಪವನ್ನು ಕೊಟ್ಟ. ನಮ್ಮ ಶಾಲಾ ವ್ಯಾಕರಣಗಳ ಚೌಕಟ್ಟು ಇಂದಿಗೂ ಬಹುಮಟ್ಟಿಗೆ ಅದೇ.

ನುಡಿಯ ಶಿಸ್ತನ್ನು ಕಲಿಸುವ ಮತ್ತೊಂದು ಪರಂಪರೆಯೂ ಬೀದರದಲ್ಲಿ ಬೆಳೆಯಿತು. 1472ರಲ್ಲಿ ಅಲ್ಲಿ ಮದರಸಾವನ್ನು ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ ಗವಾನ್, ಪತ್ರಲೇಖನ ಹಾಗೂ ಗದ್ಯರಚನೆಯ ಲಕ್ಷಣಗಳನ್ನು ವಿವರಿಸುವ ‘ಮನಾಜಿರುಲ್ ಇನ್ಶಾ’ ಎಂಬ ಪಾರಸಿ ಗ್ರಂಥದ ಕರ್ತೃ. ಹೀಗೆ ಸಂಸ್ಕೃತಮೂಲದ ಲಕ್ಷಣಶಾಸ್ತ್ರ, ಅರಬ್ಬಿ ಪಾರಸಿ ಮೂಲದ ಲಕ್ಷಣಶಾಸ್ತ್ರ ಎರಡೂ ಈ ಒಂದೇ ನೆಲದಲ್ಲಿ ಬಾಳಿವೆ.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ನಾಗವರ್ಮ, ಕೇಶಿರಾಜರು ಬರೆದದ್ದು ಕನ್ನಡವನ್ನು ಬಲ್ಲ ಕವಿಗಳಿಗಾಗಿ. ಅವರ ಪರಿಭಾಷೆ ಬಲ್ಲವನ ಬಳಕೆಯನ್ನು ತಿದ್ದುವ, ಒಪ್ಪವಿಡುವ ಸಾಧನವಾಗಿತ್ತು. ಅದನ್ನೇ ಎಂಟು ಹತ್ತು ವರ್ಷದ ಮಗುವಿನ ಮುಂದೆ ಇಡುವಾಗ, ವಿಶೇಷವಾಗಿ ಮನೆಮಾತು ಬೇರೆಯಾಗಿರುವ ಮಗುವಿನ ಮುಂದೆ ಇಡುವಾಗ, ಕ್ರಮ ತಲೆಕೆಳಗಾಗುತ್ತದೆ. ಬಳಕೆ ಬರುವ ಮೊದಲೇ ಬಳಕೆಯ ಲಕ್ಷಣ ಬಂದು ನಿಲ್ಲುತ್ತದೆ.

ನಿಜಾಮರ ಆಳ್ವಿಕೆಯ ಕಾಲದಲ್ಲಿ ಆಡಳಿತಕ್ಕೂ ಶಿಕ್ಷಣಕ್ಕೂ ಉರ್ದುವೇ ಮುಖ್ಯ ಭಾಷೆಯಾಗಿತ್ತು. ಆ ದಿನಗಳಲ್ಲಿ ಭಾಲ್ಕಿ ಹಿರೇಮಠ ಸಂಸ್ಥಾನದ ಚನ್ನಬಸವ ಪಟ್ಟದ್ದೇವರು ಭಾಲ್ಕಿ, ಕಮಲನಗರಗಳಲ್ಲಿ ಕನ್ನಡ ಕಲಿಕೆಗೆ ಆಶ್ರಯ ಕೊಟ್ಟರು. ಹೊರಗೆ ಉರ್ದು ಶಾಲೆಯ ಫಲಕವನ್ನು ಹಾಕಿ ಒಳಗೆ ಕನ್ನಡ ಪಾಠ ನಡೆಸಿದ ಅವರ ಕಥೆ ಆ ಭಾಗದಲ್ಲಿ ಬಹುಶ್ರುತವಾದುದು. ಆಗ ಔರಾದ ಭಾಗಕ್ಕೆ ಸೇರಿದ್ದ ಕಮಲನಗರ ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರ. ಕನ್ನಡದ ಓಲೆಯನ್ನು ಮರೆಯಲ್ಲಿ ಹಿಡಿದು ಕಲಿತ ನಾಡಿನಲ್ಲಿ ಇಂದು ಕನ್ನಡ ಪಾಠಕ್ಕೆ ಯಾವ ಅಡ್ಡಿಯೂ ಇಲ್ಲ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿದೆ. ಆದ್ದರಿಂದ ಇಂದಿನ ಪ್ರಶ್ನೆ ಕನ್ನಡ ಕಲಿಸಬೇಕೇ ಎಂಬುದಲ್ಲ. ಕಲಿಯಲು ಬಂದ ಮಗು ವ್ಯಾಕರಣದ ಹೊಸ್ತಿಲಲ್ಲಿ ಎಡವಿ ಹಿಂದಿರುಗದಂತೆ ಕಲಿಸುವುದು ಹೇಗೆ ಎಂಬುದು.

3. ವರ್ಣಮಾಲೆ: ಹ್ರಸ್ವ ಮತ್ತು ದೀರ್ಘ

ಶಾಲಾ ವ್ಯಾಕರಣದ ಪ್ರಕಾರ ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 34 ವ್ಯಂಜನ, 2 ಯೋಗವಾಹ, ಒಟ್ಟು 49 ಅಕ್ಷರಗಳು. ಒಂದು ಮಾತ್ರೆಯ ಕಾಲದಲ್ಲಿ ಉಚ್ಚರಿಸುವ ಸ್ವರ ಹ್ರಸ್ವ, ಎರಡು ಮಾತ್ರೆಯ ಕಾಲದಲ್ಲಿ ಉಚ್ಚರಿಸುವ ಸ್ವರ ದೀರ್ಘ.

ಮರಾಠಿಯ ಮಗುವಿಗೂ ‘ಹ್ರಸ್ವ’, ‘ದೀರ್ಘ’ ಎಂಬ ಹೆಸರುಗಳು ಪರಿಚಿತ. ಆದರೆ ಅಲ್ಲಿ ಅವು ಮುಖ್ಯವಾಗಿ ಇ, ಈ ಮತ್ತು ಉ, ಊಗಳ ಬರವಣಿಗೆಯ ನಿಯಮಗಳಿಗೆ ಸಂಬಂಧಿಸಿದವು. ಎ, ಒ ಎಂಬ ಹ್ರಸ್ವಸ್ವರಗಳಿಗೆ ಮರಾಠಿಯಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಉರ್ದು ಲಿಪಿಯಲ್ಲಿಯೂ ಇಲ್ಲ. ಕನ್ನಡದಲ್ಲಾದರೋ ಕೆರೆ, ಕೇರೆ, ಕೊಡು, ಕೋಡು, ಎಡೆ, ಏಡಿ ಎಂಬಲ್ಲಿ ಸ್ವರದ ಉದ್ದವೇ ಅರ್ಥವನ್ನು ಬೇರ್ಪಡಿಸುತ್ತದೆ ಅಥವಾ ಬೇರ್ಪಡಿಸಲು ನೆರವಾಗುತ್ತದೆ. ತೆಲುಗಿನ ಮಗುವಿಗೆ ಈ ಭೇದ ಸಹಜ. ಆದ್ದರಿಂದ ಒಂದೇ ತರಗತಿಯಲ್ಲಿ ಒಂದು ಮಗುವಿಗೆ ತಾನಾಗಿ ಬರುವ ಭೇದ ಇನ್ನೊಂದಕ್ಕೆ ಕಿವಿಯಿಂದ ಕಲಿಯಬೇಕಾದ ಹೊಸ ಸಂಗತಿಯಾಗಿರುತ್ತದೆ.

‘ಮಾತ್ರೆ’ಯ ಸ್ಥಿತಿಯೂ ಹೀಗೆಯೇ. ಕನ್ನಡ ಶಾಸ್ತ್ರದಲ್ಲಿ ಅದು ಉಚ್ಚಾರಣೆಯ ಕಾಲದ ಅಳತೆ, ದಿನಬಳಕೆಯಲ್ಲಿ ಔಷಧದ ಗುಳಿಗೆ. ಮರಾಠಿ ಬಾರಾಖಡಿಯಲ್ಲಿ ‘ಮಾತ್ರಾ’ ಎಂದರೆ ಅಕ್ಷರದ ತಲೆಯ ಮೇಲೆ ಎಳೆಯುವ ಏಕಾರದ ಗೆರೆ. ಛಂದಸ್ಸಿನ ಮೊದಲ ಪಾಠದಲ್ಲಿ ಮಾತ್ರೆಗಳನ್ನು ಎಣಿಸಿರಿ ಎಂದಾಗ ಮಗು ಏನನ್ನು ಎಣಿಸಬೇಕೆಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಅಗತ್ಯ.

4. ಮೂರು ಊರುಗಳ ಹೆಸರು: ಪ್ರಕೃತಿ, ಪ್ರತ್ಯಯ, ಸಂಧಿ

ಪ್ರಕೃತಿ, ಪ್ರತ್ಯಯ, ಸಂಧಿ ಎಂಬ ಪರಿಭಾಷೆಗಳನ್ನು ಕಲಿಸಲು ಈ ಲೇಖನದ ಕ್ಷೇತ್ರವಾದ ಮೂರು ಊರುಗಳ ಹೆಸರುಗಳೇ ಸಾಕು.

ಭಾಲ್ಕಿ ಎಂಬುದು ಇಕಾರಾಂತ. ಇದಕ್ಕೆ ‘ಅಲ್ಲಿ’ ಎಂಬ ಸಪ್ತಮೀ ಪ್ರತ್ಯಯ ಸೇರಿದಾಗ ನಡುವೆ ಯಕಾರ ಬಂದು ‘ಭಾಲ್ಕಿಯಲ್ಲಿ’ ಎಂದಾಗುತ್ತದೆ. ಇದು ಆಗಮಸಂಧಿ. ಬೀದರದ ಹೆಸರು ಇನ್ನೂ ಸ್ವಾರಸ್ಯಕರವಾದುದು. ಬರವಣಿಗೆಯಲ್ಲಿ ‘ಬೀದರ’, ‘ಬೀದರ್’ ಎಂಬ ಎರಡೂ ರೂಪಗಳಿವೆ. ‘ಬೀದರ’ ಎಂದು ಅಕಾರಾಂತವಾಗಿ ಗ್ರಹಿಸಿದರೆ ‘ಮರ’ ಶಬ್ದದಂತೆ ಬೀದರದಲ್ಲಿ, ಬೀದರಕ್ಕೆ, ಬೀದರದಿಂದ ಎಂದಾಗುತ್ತದೆ. ‘ಬೀದರ್’ ಎಂದು ವ್ಯಂಜನಾಂತವಾಗಿ ಗ್ರಹಿಸಿದರೆ ‘ಊರು’ ಶಬ್ದದ ಜಾಡಿನಲ್ಲಿ ಬೀದರಿನಲ್ಲಿ, ಬೀದರಿಗೆ, ಬೀದರಿನಿಂದ ಎಂದಾಗುತ್ತದೆ. ಔರಾದಕ್ಕೆ ಹೋದನು, ಔರಾದಿಗೆ ಹೋದನು ಎಂಬಲ್ಲಿಯೂ ಇದೇ ವಿಕಲ್ಪ. ಪ್ರಕೃತಿಯ ಕೊನೆಯ ಧ್ವನಿ ಪ್ರತ್ಯಯದ ರೂಪವನ್ನು ನಿರ್ಣಯಿಸುತ್ತದೆ ಎಂಬ ವ್ಯಾಕರಣದ ಮೂಲತತ್ತ್ವವನ್ನು ಮಗು ತನ್ನ ಊರಿನ ಹೆಸರಿನಲ್ಲಿಯೇ ಕಾಣಬಹುದು.

ಈಗ ಆ ಭಾಗದ ಆಡುಮಾತನ್ನು ನೋಡೋಣ. ಅಲ್ಲಿಯ ಮಗು ‘ಶಾಲೆಯಲ್ಲಿ’, ‘ಮನೆಯಲ್ಲಿ’ ಎನ್ನುವುದಿಲ್ಲ. ‘ಶಾಲ್ಯಾಗ’, ‘ಮನ್ಯಾಗ’, ‘ಭಾಲ್ಕ್ಯಾಗ’ ಎನ್ನುತ್ತದೆ. ‘ಒಳಗೆ’ ಎಂಬುದರೊಂದಿಗೆ ಸಂಬಂಧವಿರುವ ‘ಆಗ’ ಎಂಬುದು ಇಲ್ಲಿ ಸಪ್ತಮಿಯ ಪ್ರತ್ಯಯ. ಹಳಗನ್ನಡದ ಸಪ್ತಮೀ ಪ್ರತ್ಯಯವೂ ‘ಒಳ್’ ಎಂಬುದೇ ಆಗಿತ್ತು. ಮನಿ ಎಂಬುದಕ್ಕೆ ಆಗ ಎಂಬುದು ಸೇರಿದಾಗ ಇಕಾರದ ಸ್ಥಾನದಲ್ಲಿ ಯಕಾರ ಬಂದು ‘ಮನ್ಯಾಗ’ ಎಂದಾಗಿದೆ. ಅತಿ, ಅಂತ ಎಂಬವು ಸೇರಿ ‘ಅತ್ಯಂತ’ ಆಗುವಲ್ಲಿ ನಡೆಯುವುದೂ ಇದೇ ಧ್ವನಿವ್ಯಾಪಾರ. ಅದನ್ನು ನಾವು ಯಣ್ ಸಂಧಿ ಎಂದು ಕರೆಯುತ್ತೇವೆ. ಶಾಸ್ತ್ರದ ವಿಂಗಡಣೆಯಂತೆ ಯಣ್ ಸಂಧಿ ಸಂಸ್ಕೃತ ಶಬ್ದಗಳಿಗೆ ಸೇರಿದ್ದು, ಆದ್ದರಿಂದ ‘ಮನ್ಯಾಗ’ ಎಂಬುದನ್ನು ಪರೀಕ್ಷೆಯಲ್ಲಿ ಯಣ್ ಸಂಧಿಯ ಉದಾಹರಣೆಯಾಗಿ ಬರೆಯುವಂತಿಲ್ಲ. ಆದರೆ ಯಣ್ ಎಂಬುದು ಎಲ್ಲಿಂದಲೋ ಬಂದ ಒಗಟಲ್ಲ, ತನ್ನ ಬಾಯಲ್ಲಿಯೇ ದಿನವೂ ನಡೆಯುವ ವ್ಯಾಪಾರವೆಂದು ಮಗುವಿಗೆ ಮನವರಿಕೆ ಮಾಡಲು ಇದಕ್ಕಿಂತ ಸಮರ್ಥವಾದ ಉದಾಹರಣೆ ಇಲ್ಲ. ತಪ್ಪೆಂದು ತಿದ್ದಿಸಿಕೊಳ್ಳುವ ಮಾತೇ ಇಲ್ಲಿ ಪಾಠಕ್ಕೆ ಆಧಾರವಾಗುತ್ತದೆ.

ಆದೇಶಸಂಧಿಗೂ ಸಮಾಸಕ್ಕೂ ನೆಲದ ಉದಾಹರಣೆಗಳು ಹೇರಳವಾಗಿವೆ. ಬೀದರ ಕೋಟೆ ನಿಂತಿರುವುದು ಜಂಬಿಟ್ಟಿಗೆಯ ನೆಲದ ಮೇಲೆ. ಆ ‘ಕೆಂಗಲ್ಲು’ ಎಂಬ ಮಾತನ್ನು ಬಿಡಿಸಿದರೆ ಕೆಚ್ಚನೆಯ ಕಲ್ಲು ಎಂದಾಗಿ ಕರ್ಮಧಾರಯ ಸಮಾಸ ದೊರೆಯುತ್ತದೆ. ಕಕಾರಕ್ಕೆ ಗಕಾರ ಬಂದಿರುವುದು ಆದೇಶಸಂಧಿ. ‘ಮಳೆಗಾಲ’ದಲ್ಲಿಯೂ ಹೀಗೆಯೇ. ‘ತೊಗರಿಬೇಳೆ’ ತತ್ಪುರುಷ, ‘ಹೊಲಮನೆ’ ದ್ವಂದ್ವ. ಔರಾದಕ್ಕೆ ‘ಔರಾದ ಬಾರಾಹಳ್ಳಿ’ ಎಂಬ ಹೆಸರೂ ಉಂಟು. ‘ಬಾರಾ’ ಎಂಬುದನ್ನು ಹನ್ನೆರಡು ಎಂದು ತಿಳಿದು ಬಿಡಿಸಿದಲ್ಲಿ ಸಂಖ್ಯಾಪೂರ್ವಕವಾದ ದ್ವಿಗು ಸಮಾಸವೂ ಆಯಿತು, ಎರಡು ಭಾಷೆಗಳು ಒಂದು ಹೆಸರಿನಲ್ಲಿ ಸಮಾಸಗೊಂಡ ನಿದರ್ಶನವೂ ಆಯಿತು.

5. ಲಿಂಗ

ಹೆಸರು ಒಂದೇ ಇದ್ದು ಒಳಗಿನ ವ್ಯವಸ್ಥೆ ಬೇರೆಯಾಗಿರುವುದಕ್ಕೆ ‘ಲಿಂಗ’ ಅತ್ಯುತ್ತಮ ನಿದರ್ಶನ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂಬ ಮೂರು ಲಿಂಗಗಳಿವೆ. ಆದರೆ ಕನ್ನಡದ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಪುಸ್ತಕ, ಶಾಲೆ, ಕಲ್ಲು ಮೂರೂ ನಪುಂಸಕ. ಮರಾಠಿಯಲ್ಲಿ ‘ಪುಸ್ತಕ’ ನಪುಂಸಕ, ‘ಶಾಳಾ’ ಸ್ತ್ರೀಲಿಂಗ, ‘ದಗಡ’ ಪುಲ್ಲಿಂಗ. ಉರ್ದುವಿನಲ್ಲಿ ನಪುಂಸಕವೇ ಇಲ್ಲ. ‘ಕಿತಾಬ್’ ಸ್ತ್ರೀಲಿಂಗ, ‘ದರ್ವಾಜಾ’ ಪುಲ್ಲಿಂಗ. ತೆಲುಗಿನಲ್ಲಿ ಏಕವಚನದ ಕ್ರಿಯಾಪದ ಸ್ತ್ರೀಯನ್ನೂ ಅಚೇತನ ವಸ್ತುವನ್ನೂ ಒಂದೇ ರೂಪದಲ್ಲಿ ಹೇಳುತ್ತದೆ.

ಇದರ ಪರಿಣಾಮ ವಿಶೇಷಣದ ಮೇಲೂ ಷಷ್ಠಿಯ ಮೇಲೂ ಆಗುತ್ತದೆ. ಮರಾಠಿಯಲ್ಲಿ ಮಾಝಾ ಭಾಊ, ಮಾಝೀ ಬಹೀಣ, ಮಾಝೇ ಘರ ಎಂದು ಒಡೆತನದ ರೂಪವೇ ಬದಲಾಗುತ್ತದೆ. ಉರ್ದುವಿನಲ್ಲಿ ಮೇರಾ ಭಾಯಿ, ಮೇರೀ ಬಹನ್. ಕನ್ನಡದಲ್ಲಿ ನನ್ನ ತಮ್ಮ, ನನ್ನ ತಂಗಿ, ನನ್ನ ಮನೆ. ಎಲ್ಲೆಡೆಯೂ ‘ನನ್ನ’ ಎಂಬುದೊಂದೇ. ಕನ್ನಡದ ವಿಶೇಷಣ ನಾಮಪದದ ಲಿಂಗವಚನಗಳನ್ನು ಅನುಸರಿಸಿ ರೂಪ ಬದಲಿಸುವುದಿಲ್ಲವೆಂಬ ಈ ಲಕ್ಷಣವನ್ನು ಕನ್ನಡವೊಂದನ್ನೇ ಬಲ್ಲ ಮಗುವಿಗೆ ಹೇಳಿದರೆ ಅದರಲ್ಲಿ ಹೊಸತೇನೂ ಕಾಣಿಸದು. ಭಾಲ್ಕಿಯ ಮರಾಠಿ ಮನೆಯ ಮಗುವಿಗೆ ಅದು ತಟ್ಟನೆ ಹೊಳೆಯುತ್ತದೆ. ಹೋಲಿಕೆಯ ಮೂಲಕ ವ್ಯಾಕರಣವನ್ನು ಅರಿಯುವ ಅವಕಾಶ ಗಡಿನಾಡಿನ ಮಗುವಿಗೆ ಹೆಚ್ಚಾಗಿದೆ.

ಭಾಷೆಗಳು ಒಟ್ಟಿಗೆ ಬಾಳಿದಾಗ ವ್ಯಾಕರಣವೇ ಬದಲಾಗುವುದುಂಟು. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳ ಸಹವಾಸವನ್ನು ಅಭ್ಯಸಿಸಿ ಗುಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ಆ ಊರಿನ ಮರಾಠಿಯ ಲಿಂಗವ್ಯವಸ್ಥೆ ಕನ್ನಡದಂತೆ ಅರ್ಥವನ್ನು ಅನುಸರಿಸುವುದನ್ನು ಅವರು ತೋರಿಸಿದರು. ಅದೇ ವರ್ಷ ಯು. ಪಿ. ಉಪಾಧ್ಯಾಯರು ಬೀದರ ಕನ್ನಡದ ಮೇಲೆ ದ್ವಿಭಾಷಿಕತೆಯ ಪರಿಣಾಮವನ್ನು ಕುರಿತು ಬರೆದರು. ಆದ್ದರಿಂದ ಈ ಭಾಗದ ಆಡುಮಾತಿನ ರೂಪಗಳು ಅಜ್ಞಾನದ ಫಲವಲ್ಲ. ಶತಮಾನಗಳ ಸಹಬಾಳ್ವೆ ರೂಪಿಸಿದ ವ್ಯವಸ್ಥೆಗಳು.

6. ವಿಭಕ್ತಿ

ಶಾಲಾ ವ್ಯಾಕರಣದಲ್ಲಿ ಉ, ಅನ್ನು, ಇಂದ, ಗೆ ಅಥವಾ ಕ್ಕೆ, ದೆಸೆಯಿಂದ, ಅ, ಅಲ್ಲಿ ಎಂಬ ಏಳು ವಿಭಕ್ತಿ ಪ್ರತ್ಯಯಗಳನ್ನು ಕಂಠಪಾಠ ಮಾಡಿಸುತ್ತೇವೆ. ಮರಾಠಿಯಲ್ಲಿಯೂ ಪ್ರಥಮಾ, ದ್ವಿತೀಯಾ ಎಂಬ ಇದೇ ಹೆಸರಿನ ಪಟ್ಟಿ ಇದೆ. ಆದರೆ ಮರಾಠಿಯಲ್ಲಿ ದ್ವಿತೀಯಾ, ಚತುರ್ಥೀ ಎರಡಕ್ಕೂ ‘ಸ, ಲಾ, ತೇ’ ಎಂಬ ಒಂದೇ ಪ್ರತ್ಯಯಗಳು. ಉರ್ದುವಿನಲ್ಲಿ ಎರಡೂ ಕಡೆ ‘ಕೋ’. ‘ರವೀಲಾ ಬೋಲಾವಲೇ’, ‘ರವಿ ಕೋ ಬುಲಾಯಾ’ ಎಂಬಲ್ಲಿ ಕರೆಯಲ್ಪಟ್ಟವನಿಗೂ, ‘ರವೀಲಾ ಪುಸ್ತಕ ದಿಲೇ’, ‘ರವಿ ಕೋ ಕಿತಾಬ್ ದೀ’ ಎಂಬಲ್ಲಿ ಪಡೆದವನಿಗೂ ಪ್ರತ್ಯಯ ಒಂದೇ. ಕನ್ನಡದಲ್ಲಿ ‘ರವಿಯನ್ನು ಕರೆದನು’, ‘ರವಿಗೆ ಪುಸ್ತಕ ಕೊಟ್ಟನು’ ಎಂದು ಎರಡು ಪ್ರತ್ಯಯಗಳು. ಈ ಭಾಗದ ಕನ್ನಡದಲ್ಲಿ ‘ರವಿಗೆ ಕರದ’, ‘ಅವನಿಗೆ ನೋಡ್ದ’ ಎಂಬ ಪ್ರಯೋಗಗಳು ಕೇಳಿಬರುವುದಕ್ಕೆ ಹಿನ್ನೆಲೆ ಇದೇ. ಮಗು ಇಲ್ಲಿ ಪ್ರತ್ಯಯವನ್ನು ಮರೆತಿಲ್ಲ, ಮತ್ತೊಂದು ಪಟ್ಟಿಯ ತರ್ಕವನ್ನು ಅನುಸರಿಸಿದೆ. ಶಿಕ್ಷಕರಿಗೆ ಈ ತರ್ಕ ತಿಳಿದಿದ್ದರೆ ತಿದ್ದುವ ಕೆಲಸ ಅರ್ಧ ಮುಗಿದಂತೆ. ಕರೆದದ್ದು ಯಾರನ್ನು, ಕೊಟ್ಟದ್ದು ಯಾರಿಗೆ ಎಂಬ ಎರಡು ಪ್ರಶ್ನೆಗಳನ್ನು ಜೊತೆಯಾಗಿ ಕೇಳಿ ಉತ್ತರ ಪಡೆದರೆ ಸಾಕು.

ಪಂಚಮಿಯ ವಿಷಯದಲ್ಲಿ ಸ್ಥಿತಿ ಇದಕ್ಕೆ ವಿಪರೀತ. ‘ದೆಸೆಯಿಂದ’ ಎಂಬುದು ಪಟ್ಟಿಯಲ್ಲಿದೆಯೇ ಹೊರತು ಬಳಕೆಯಲ್ಲಿ ವಿರಳ. ಚಾಕುವಿನಿಂದ ಕತ್ತರಿಸಿದನು, ಬೀದರದಿಂದ ಬಂದನು ಎಂಬ ಎರಡೂ ಕಡೆ ಕನ್ನಡ ‘ಇಂದ’ವನ್ನೇ ಬಳಸುತ್ತದೆ. ಉರ್ದುವೂ ಎರಡೂ ಕಡೆ ‘ಸೇ’ ಎನ್ನುತ್ತದೆ. ಮರಾಠಿ ಮಾತ್ರ ‘ಚಾಕೂನೇ’, ‘ಬೀದರಹೂನ’ ಎಂದು ಬೇರ್ಪಡಿಸುತ್ತದೆ. ತೃತೀಯೆ ಮತ್ತು ಪಂಚಮಿಗಳ ಭೇದವೇನೆಂಬುದನ್ನು ಕನ್ನಡದ ರೂಪಗಳಿಂದ ವಿವರಿಸುವುದು ಕಷ್ಟ. ಮರಾಠಿ ಬಲ್ಲ ಸಹಪಾಠಿಯ ಒಂದು ವಾಕ್ಯದಿಂದ ಅದು ಸ್ಪಷ್ಟವಾಗುತ್ತದೆ. ಈ ದೃಷ್ಟಿಯಿಂದ ಔರಾದದ ತರಗತಿಯಲ್ಲಿ ಮರಾಠಿ ಬಲ್ಲ ಮಗು ಪಾಠಕ್ಕೆ ಭಾರವಲ್ಲ, ಆಸರೆ.

7. ಪದವರ್ಗ, ಸರ್ವನಾಮ, ಕಾಲ

ಸಾಂಪ್ರದಾಯಿಕ ಕನ್ನಡ ವ್ಯಾಕರಣ ಪದಗಳನ್ನು ನಾಮಪದ, ಕ್ರಿಯಾಪದ, ಅವ್ಯಯ ಎಂದು ಮೂರಾಗಿ ವಿಂಗಡಿಸುತ್ತದೆ. ಅರಬ್ಬಿ ಮೂಲದಿಂದ ಬಂದ ಉರ್ದು ವ್ಯಾಕರಣವೂ ‘ಇಸ್ಮ್’, ‘ಫೇಲ್’, ‘ಹರ್ಫ್’ ಎಂದು ಮೂರನ್ನೇ ಹೇಳುತ್ತದೆ. ಮರಾಠಿ ಶಾಲಾ ವ್ಯಾಕರಣವಾದರೋ ಇಂಗ್ಲಿಷ್ ಮಾದರಿಯಲ್ಲಿ ಎಂಟು ಪದಜಾತಿಗಳನ್ನು ಕಲಿಸುತ್ತದೆ. ದಾದೋಬಾ ಪಾಂಡುರಂಗರ ಮರಾಠಿ ವ್ಯಾಕರಣ ಪ್ರಕಟವಾದದ್ದು 1836ರಲ್ಲಿ. ವಿಂಗಡಣೆ ಮೂರೇ ಇರಲಿ ಎಂಟೇ ಇರಲಿ, ಅದು ಭಾಷೆಯನ್ನು ನೋಡುವ ಒಂದು ಕ್ರಮವೆಂಬುದನ್ನು ಈ ಹೋಲಿಕೆ ತಿಳಿಸುತ್ತದೆ.

ಸರ್ವನಾಮದಲ್ಲಿ ‘ನಾವು’ ಎಂಬುದನ್ನು ನೋಡಬಹುದು. ಕೇಳುಗನನ್ನು ಸೇರಿಸಿಕೊಂಡ ‘ನಾವು’, ಹೊರಗಿಟ್ಟ ‘ನಾವು’ ಎಂಬ ಭೇದ ಮರಾಠಿಯಲ್ಲಿ ಆಪಣ, ಆಮ್ಹೀ ಎಂದೂ, ತೆಲುಗಿನಲ್ಲಿ ಮನಂ, ಮೇಮು ಎಂದೂ ಇದೆ. ಇಂದಿನ ಕನ್ನಡಕ್ಕೆ ಒಂದೇ ರೂಪ.

ಕಾಲದ ಪಾಠದಲ್ಲಿ ತೊಡಕು ಬೇರೆ ಬಗೆಯದು. ಪುಸ್ತಕ ‘ಬರುತ್ತೇನೆ’ ವರ್ತಮಾನ, ‘ಬರುವೆನು’ ಭವಿಷ್ಯತ್ ಎನ್ನುತ್ತದೆ. ಮಗು ‘ನಾಳಿ ಬರ್ತೀನಿ’ ಎನ್ನುತ್ತದೆ. ಈ ಕ್ಷಣದಲ್ಲಿ ನಡೆಯುತ್ತಿರುವುದಕ್ಕೆ ‘ಬರ್ಲತ್ತೀನಿ’ ಎಂಬ ಬೇರೆಯೇ ರೂಪ ಅದಕ್ಕಿದೆ. ‘ಇದ್ದಾನೆ, ಇದ್ದಾಳೆ, ಇದ್ದಾರೆ, ಇದೆ’ ಎಂಬಲ್ಲಿ ‘ಹಾನ, ಹಾಳ, ಹಾರ, ಅದ’ ಎನ್ನುತ್ತದೆ. ಲಿಂಗ, ವಚನ, ಪುರುಷಗಳ ಭೇದ ಈ ರೂಪಗಳಲ್ಲಿ ಪೂರ್ಣವಾಗಿ ಉಳಿದಿದೆ. ಅಂದರೆ ಮಗುವಿಗೆ ವ್ಯಾಕರಣ ತಿಳಿದಿದೆ, ತಿಳಿಯದಿರುವುದು ಬರಹದ ರೂಪ ಮಾತ್ರ.

8. ಶಬ್ದಮೂಲ: ಯಾರಿಗೆ ‘ಅನ್ಯ’?

ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂಬ ವಿಂಗಡಣೆಯಲ್ಲಿ ಜಿಲ್ಲೆ, ತಾಲ್ಲೂಕು, ಅರ್ಜಿ, ಕಚೇರಿ, ಜಮೀನು ಮೊದಲಾದವು ಅನ್ಯದೇಶ್ಯಗಳು. ಬೀದರದ ಮಗುವಿಗೆ ‘ದವಾಖಾನಿ’ ಎಂಬುದೇ ಸಹಜ, ‘ಆಸ್ಪತ್ರೆ’ ಪುಸ್ತಕದ ಮಾತು. ಆದರೆ ‘ಆಸ್ಪತ್ರೆ’ಯೂ ಯುರೋಪಿನ ನುಡಿಗಳಿಂದ ಬಂದ ಅನ್ಯದೇಶ್ಯವೇ. ತರಗತಿಯಲ್ಲಿ ಉರ್ದು ಮನೆಮಾತಿನ ಮಗುವೂ ಕುಳಿತಿರುತ್ತದೆ. ಅನ್ಯದೇಶ್ಯ ಎಂಬುದು ಶಬ್ದದ ಹುಟ್ಟನ್ನು ಹೇಳುವ ಪರಿಭಾಷೆಯೇ ಹೊರತು ಆ ಶಬ್ದವನ್ನು ಆಡುವವರನ್ನು ಹೊರಗಿನವರೆಂದು ಹೇಳುವುದಲ್ಲ. ಈ ಸ್ಪಷ್ಟೀಕರಣವಿಲ್ಲದೆ ಈ ಪಾಠವನ್ನು ಗಡಿನಾಡಿನಲ್ಲಿ ಮುಗಿಸಬಾರದು.

9. ಸಾಹಿತ್ಯ ಪರಿಭಾಷೆ

ಸಾಹಿತ್ಯ ಪರಿಭಾಷೆಗಳಲ್ಲಿ ಮೊದಲ ತೊಡಕು ‘ವಚನ’ ಎಂಬುದರಿಂದಲೇ ಆರಂಭವಾಗುತ್ತದೆ. ವ್ಯಾಕರಣದಲ್ಲಿ ಅದು ಸಂಖ್ಯೆ: ಏಕವಚನ, ಬಹುವಚನ. ಸಾಹಿತ್ಯದಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕೇಂದ್ರವಾಗಿಸಿಕೊಂಡು ಬೆಳೆದ ಪ್ರಕಾರ. ವ್ಯವಹಾರದಲ್ಲಿ ಕೊಟ್ಟ ಮಾತು. ‘ಪದ’ವೂ ಹಾಗೆಯೇ. ವ್ಯಾಕರಣದಲ್ಲಿ ಪ್ರತ್ಯಯ ಹತ್ತಿದ ಶಬ್ದ. ಈ ಭಾಗದ ಜನಜೀವನದಲ್ಲಿ ಹಾಡು: ತತ್ವಪದ, ಭಜನೆಪದ, ಮೊಹರಂ ಪದ. ‘ಸಂಧಿ’ ವ್ಯಾಕರಣದಲ್ಲಿ ಅಕ್ಷರಗಳ ಕೂಡುವಿಕೆ, ಷಟ್ಪದಿ ಕಾವ್ಯಗಳಲ್ಲಿ ಅಧ್ಯಾಯ. ‘ವೃತ್ತ’ ಗಣಿತದಲ್ಲಿ ದುಂಡನೆಯ ಆಕೃತಿ, ಛಂದಸ್ಸಿನಲ್ಲಿ ಪದ್ಯಜಾತಿ, ಪೇಟೆಯಲ್ಲಿ ರಸ್ತೆ ಕೂಡುವ ಜಾಗ. ಈ ಅರ್ಥಗಳನ್ನು ಬಚ್ಚಿಡುವ ಬದಲು ಒಟ್ಟಿಗೆ ಮುಂದಿಟ್ಟು, ಈ ಪಾಠದಲ್ಲಿ ಯಾವುದು ಎಂದು ಹೇಳುವುದು ಕ್ಷೇಮ.

ಉಪಮೆಗೆ ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ ಎಂಬ ನಾಲ್ಕು ಅಂಗಗಳು. ಬಿದ್ರಿ ಕಲೆಯಲ್ಲಿ ಸತುವು ತಾಮ್ರಗಳ ಎರಕದಲ್ಲಿ ಬೆಳ್ಳಿಯನ್ನು ಕೂಡಿಸಿ, ಅನಂತರ ಬೀದರ ಕೋಟೆಯ ಮಣ್ಣಿನ ನೆರವಿನಿಂದ ಎರಕವನ್ನು ಕಪ್ಪಾಗಿಸುತ್ತಾರೆ. ಹೂಜಿಯ ಮೇಲಿನ ಬೆಳ್ಳಿಯ ಗೆರೆ ಕಾರ್ಮುಗಿಲಿನ ಮಿಂಚಿನಂತೆ ಹೊಳೆಯುತ್ತದೆ ಎಂದರೆ ಗೆರೆ ಉಪಮೇಯ, ಮಿಂಚು ಉಪಮಾನ, ಹೊಳೆಯುವುದು ಸಮಾನಧರ್ಮ, ‘ಅಂತೆ’ ವಾಚಕ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ಬೆಳ್ಳಿಯ ಗೆರೆಯೇ ಮಿಂಚು ಎಂದರೆ ರೂಪಕ. ಉರ್ದು ಅಲಂಕಾರಶಾಸ್ತ್ರದ ‘ತಶ್ಬೀಹ್’ ಕೂಡ ಮುಶಬ್ಬಹ್, ಮುಶಬ್ಬಹ್ ಬಿಹೀ, ವಜಹೆ ಶಬಹ್, ಹರ್ಫೆ ತಶ್ಬೀಹ್ ಎಂಬ ನಾಲ್ಕು ಅಂಗಗಳನ್ನೇ ಹೇಳುತ್ತದೆ. ಇಲ್ಲಿ ಹೆಸರು ಬೇರೆ, ಒಳಗಿನ ವ್ಯವಸ್ಥೆ ಒಂದೇ.

ಪ್ರಾಸದಲ್ಲಿ ಮತ್ತೆ ಎಚ್ಚರ ಬೇಕು. ಹಳೆಯ ಕನ್ನಡ ಪದ್ಯಗಳಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಇದು ಆದಿಪ್ರಾಸ. ಮಕ್ಕಳ ಪದ್ಯಗಳಲ್ಲಿ ಹೆಚ್ಚಾಗಿ ಕಾಣುವುದು ಅಂತ್ಯಪ್ರಾಸ. ಮರಾಠಿಯಲ್ಲಿ ಸಾಲಿನ ಕೊನೆಯ ಈ ಸಾಮ್ಯವನ್ನು ‘ಯಮಕ’ ಎನ್ನುತ್ತಾರೆ. ಕನ್ನಡದಲ್ಲಿ ಯಮಕ ಎಂಬುದು ಒಂದೇ ಅಕ್ಷರಸಮೂಹ ಬೇರೆ ಬೇರೆ ಅರ್ಥದಲ್ಲಿ ಮರಳಿ ಬರುವ ಮತ್ತೊಂದು ಶಬ್ದಾಲಂಕಾರ. ಉರ್ದುವಿನ ‘ಕಾಫಿಯಾ’ ಅಂತ್ಯಪ್ರಾಸಕ್ಕೆ ಸಮೀಪ.

10. ಬೋಧನ ಕ್ರಮ

ಪರಿಭಾಷೆಗಳನ್ನೇ ಬದಲಿಸಬೇಕೆಂಬ ವಾದವೂ ನಮ್ಮಲ್ಲಿದೆ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ 2000ದ ಕೃತಿಯಿಂದ ಆರಂಭಿಸಿ ಸಂಸ್ಕೃತದ ಚೌಕಟ್ಟು ಕನ್ನಡಕ್ಕೆ ಹೊಂದದಿರುವ ಅಂಶಗಳನ್ನು ತೋರಿಸಿ, ಹೆಸರುಪದ, ಎಸಕಪದ ಮೊದಲಾದ ಅಚ್ಚಗನ್ನಡದ ಹೆಸರುಗಳನ್ನು ಬಳಕೆಗೆ ತಂದರು. ಪಂಚಮಿಯ ಉದಾಹರಣೆ ಅವರ ವಾದದ ಬಲವನ್ನು ತೋರಿಸುತ್ತದೆ. ಆದರೂ ಗಡಿನಾಡಿನ ದೃಷ್ಟಿಯಿಂದ ಒಂದು ಮಾತನ್ನು ಸೇರಿಸಬೇಕು. ನಾಮ, ಸರ್ವನಾಮ, ಲಿಂಗ, ವಚನ, ವಿಭಕ್ತಿ ಎಂಬ ಹೆಸರುಗಳು ಮರಾಠಿ ಮತ್ತು ತೆಲುಗು ತರಗತಿಗಳಿಗೂ ಸಮಾನವಾದವು. ಅಲ್ಲಿ ಅವು ಸೇತುವೆಯಾಗಬಲ್ಲವು. ಹೆಸರನ್ನು ಉಳಿಸಿಕೊಂಡು ಒಳಗಿನ ವ್ಯತ್ಯಾಸವನ್ನು ತೆರೆದು ತೋರಿಸುವುದು ಸದ್ಯಕ್ಕೆ ಹೆಚ್ಚು ಪ್ರಯೋಜನಕಾರಿ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದು ಪರಿಗಣಿಸಿತು. ಆ ನಿಲುವನ್ನು ಈ ಪರಿಸರಕ್ಕೆ ಅನ್ವಯಿಸಿದರೆ ಕೆಳಗಿನ ಸೂಚನೆಗಳನ್ನು ಮುಂದಿಡಬಹುದು.

ಮೊದಲನೆಯದಾಗಿ, ಉದಾಹರಣೆ ಮೊದಲು, ಗಮನಿಸುವಿಕೆ ಅನಂತರ, ಹೆಸರು ಕೊನೆಗೆ ಬರಬೇಕು. ಎರಡನೆಯದಾಗಿ, ಆಡುಮಾತಿನ ರೂಪವನ್ನು ಕೆಂಪು ಶಾಯಿಯಿಂದ ಹೊಡೆಯದೆ ‘ಮನೆಯ ರೂಪ’, ‘ಬರಹದ ರೂಪ’ ಎಂದು ಎರಡು ಸಾಲಿನಲ್ಲಿ ಬರೆಯಿಸಬೇಕು. ಬರಹದ ರೂಪವನ್ನು ಕಲಿಸಲೇಬೇಕು. ಪರೀಕ್ಷೆ, ಉದ್ಯೋಗ, ಆಡಳಿತ ಎಲ್ಲವೂ ಅದರಲ್ಲಿಯೇ ನಡೆಯುವುದರಿಂದ ಅದನ್ನು ಕೈಬಿಡುವುದು ಆ ಮಕ್ಕಳಿಗೇ ಅನ್ಯಾಯ. ಆದರೆ ಒಂದನ್ನು ಕಲಿಸಲು ಇನ್ನೊಂದನ್ನು ಹೀಗಳೆಯಬೇಕಾಗಿಲ್ಲ. ಮೂರನೆಯದಾಗಿ, ಲಿಂಗ, ವಿಭಕ್ತಿ, ವಿಶೇಷಣಗಳ ಪಾಠದಲ್ಲಿ ಅದೇ ವಾಕ್ಯವನ್ನು ತರಗತಿಯಲ್ಲಿರುವ ಇತರ ಮನೆಮಾತುಗಳಲ್ಲಿ ಮಕ್ಕಳಿಂದಲೇ ಹೇಳಿಸಬೇಕು. ನಾಲ್ಕನೆಯದಾಗಿ, ‘ವಿಭಕ್ತಿ ಎಂದರೇನು’ ಎಂಬ ಪ್ರಶ್ನೆಗಿಂತ ವಾಕ್ಯದಲ್ಲಿ ವಿಭಕ್ತಿಯನ್ನು ಗುರುತಿಸುವ, ಬದಲಿಸಿ ಅರ್ಥವ್ಯತ್ಯಾಸ ಹೇಳುವ ಪ್ರಶ್ನೆಗಳಿಗೆ ಪ್ರಾಶಸ್ತ್ಯ ಸಲ್ಲಬೇಕು. ಐದನೆಯದಾಗಿ, ಕನ್ನಡ, ಮರಾಠಿ, ಉರ್ದು, ತೆಲುಗು ಪರಿಭಾಷೆಗಳನ್ನು ಹೋಲಿಸಿ, ಎಲ್ಲಿ ಹೆಸರು ಒಂದಾಗಿ ಅರ್ಥ ಬೇರೆ, ಎಲ್ಲಿ ಹೆಸರು ಬೇರೆಯಾಗಿ ಅರ್ಥ ಒಂದು ಎಂಬುದನ್ನು ತೋರಿಸುವ ಕೈಪಿಡಿಯೊಂದು ಈ ಭಾಗದ ಶಿಕ್ಷಕರಿಗೆ ದೊರೆಯಬೇಕು. ಇಂತಹ ಕೈಪಿಡಿಯನ್ನು ರಚಿಸಲು ಬೇಕಾದ ವಿದ್ವತ್ತು ಆ ಜಿಲ್ಲೆಯ ಶಿಕ್ಷಕ ಸಮುದಾಯದಲ್ಲಿಯೇ ಇದೆ. ದಾಸ್ತಾನು ಮಾಡಿ ಮುದ್ರಿಸುವ ಹೊಣೆಯನ್ನು ಸಂಸ್ಥೆಗಳು ಹೊರಬೇಕು.

ವ್ಯಾಕರಣ ಪರಿಭಾಷೆ ಭಾಷೆಯನ್ನು ಅರಿಯಲು ಇರುವ ಕೈದೀವಿಗೆ. ಅದು ಮಗುವಿನ ಮಾತನ್ನು ಅಳೆದು ಹೊರಗಿಡುವ ಅಳತೆಗೋಲಾದರೆ ತನ್ನ ಉದ್ದೇಶವನ್ನೇ ಕಳೆದುಕೊಳ್ಳುತ್ತದೆ. ಕನ್ನಡಗಳನ್ನು ಬಹುವಚನದಲ್ಲಿ ಕಂಡ ಲಕ್ಷಣಕಾರರ ನಾಡು ಇದು, ಫಲಕದ ಮರೆಯಲ್ಲಿ ಕನ್ನಡವನ್ನು ಉಳಿಸಿಕೊಂಡ ನಾಡೂ ಇದೇ. ‘ಭಾಲ್ಕ್ಯಾಗ’ ಎನ್ನುವ ಮಗುವನ್ನು ‘ಭಾಲ್ಕಿಯಲ್ಲಿ’ ಎಂಬಲ್ಲಿಗೆ ಕರೆದೊಯ್ಯುವ ದಾರಿ ಅದರ ಮಾತಿನಿಂದಲೇ ಆರಂಭವಾಗಬೇಕು ಎಂಬುದು ಈ ವಿವೇಚನೆಯ ಫಲಿತಾಂಶ.